ಹೊನ್ನು ಮುಗಿದ ಮೇಲೆ ಮಣ್ಣು

ವ್ಯಾಪಾರದಲ್ಲಿ ಸೋತವನನ್ನು ನಮ್ಮ ಕಡೆ ‘ದಿವಾಳಿ ಎದ್ದ’ ಎನ್ನುತ್ತಾರೆ. ಹಳೆಯ ಮೈಸೂರು ಸೀಮೆಗೆ ಹೋದರೆ ಅದೇ ಮನುಷ್ಯ ‘ಪಾಪರ್ ಆದ’. ಪಾಪರ್ ಎಂಬುದು ಇಂಗ್ಲಿಷಿನಿಂದ ಕೋರ್ಟಿನ ಬಾಗಿಲಲ್ಲಿ ಹಾದು ನಮ್ಮೊಳಗೆ ಬಂದ ಶಬ್ದ. ಆದರೆ ಕೇಳುವವರ ಕಿವಿಗೆ ಅದರಲ್ಲಿ ನಮ್ಮದೇ ‘ಪಾಪ’ ಕೇಳಿಸುತ್ತದೆ. ಪಾಪರ್ ಆದವನನ್ನು ಕಂಡು ‘ಪಾಪ’ ಎನ್ನುವವರೂ ಉಂಟು, ‘ಪಾಪಿ’ ಎನ್ನುವವರೂ ಉಂಟು. ಯಾರು ಯಾವುದನ್ನು ಅನ್ನುತ್ತಾರೆ ಎಂಬುದು ಅವರಿಗೆ ಆತನಿಂದ ಬರಬೇಕಾದ ಬಾಕಿ ಎಷ್ಟು ಎಂಬುದರ ಮೇಲೆ ನಿಂತಿದೆ.

ಮನುಷ್ಯ ದಿವಾಳಿ ಎದ್ದರೆ ಅವನ ಮೈಯಾದರೂ ಉಳಿಯುತ್ತದೆ. ನಾಲ್ಕು ದಿನ ತಲೆ ತಗ್ಗಿಸಿ ಓಡಾಡುತ್ತಾನೆ, ಆಮೇಲೆ ಬೇರೆ ಊರಿಗೆ ಹೋಗಿ ಚಹಾದಂಗಡಿಯನ್ನಾದರೂ ಇಟ್ಟು ಬದುಕುತ್ತಾನೆ. ಕಂಪನಿ ದಿವಾಳಿ ಎದ್ದಾಗ ಹಾಗಲ್ಲ. ಅದಕ್ಕೆ ಮೈ ಇಲ್ಲ, ಕಾಗದದಲ್ಲಿ ಹುಟ್ಟಿ ಕಾಗದದಲ್ಲಿಯೇ ಸಾಯುವ ಜೀವ ಅದು. ಮನುಷ್ಯ ಸತ್ತರೆ ಹಿರಿಮಗ ಮುಂದೆ ನಿಂತು ಕಾರ್ಯ ಮಾಡುತ್ತಾನೆ. ಕಂಪನಿ ಸತ್ತರೆ ಆ ಕೆಲಸಕ್ಕೆ ನ್ಯಾಯಮಂಡಳಿಯೇ ಒಬ್ಬರನ್ನು ನೇಮಿಸುತ್ತದೆ. ಅವರಿಗೆ ಲಿಕ್ವಿಡೇಟರ್ ಎಂದು ಹೆಸರು. ಅವರು ಬಂದು ಬಾಗಿಲಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ ದಿನದಿಂದ ಸೂತಕ ಶುರು. ಅದು ಹದಿಮೂರು ದಿನಕ್ಕೆ ಮುಗಿಯುವ ಸೂತಕವಲ್ಲ, ಹದಿಮೂರು ವರ್ಷವೂ ಹಿಡಿಯಬಹುದು.

ಈ ಸಾವಿನ ಮನೆಯಲ್ಲಿ ಅಳುವವರಿಗಿಂತ ಎಣಿಸುವವರೇ ಹೆಚ್ಚು. ಎಣಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಒಂದೇ. ಯಂತ್ರಗಳು ತುಕ್ಕು ಹಿಡಿದು ಗುಜರಿಗೆ ಹೋಗುತ್ತವೆ. ಶೇರು ಪತ್ರಗಳಿಗೆ ರದ್ದಿಯ ಬೆಲೆಯೂ ಇಲ್ಲ. ಕುರ್ಚಿ ಮೇಜುಗಳು ಯಾರ ಯಾರದೋ ಮನೆ ಸೇರುತ್ತವೆ. ಭೂಮಿ ಮಾತ್ರ ಇದ್ದಲ್ಲಿಯೇ ಇರುತ್ತದೆ. ಕಂಪನಿ ಬಂದಾಗ ಊರ ಹೊರಗಿನ ಬೀಳು ನೆಲವಾಗಿದ್ದದ್ದು ಅದು ಸಾಯುವ ಹೊತ್ತಿಗೆ ಊರ ನಡುವೆ ಬಂದಿರುತ್ತದೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬುದು ಹಳೆಯ ಮಾತು. ಕಂಪನಿಗಳ ವಿಷಯದಲ್ಲಿ ಆನೆ ಸತ್ತ ಮೇಲೆಯೇ ಬೆಲೆ ಏರುವುದೂ ಉಂಟು.

ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಭೂಮಿ ಯಾರದು? ಕಂಪನಿ ಬದುಕಿದ್ದಾಗ ಈ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಕೂಲಿ ಸಿಗುತ್ತಿತ್ತು, ಬಾಡಿಗೆ ಬರುತ್ತಿತ್ತು, ಸಾಲದ ಕಂತು ಕಟ್ಟಲಾಗುತ್ತಿತ್ತು, ಸರ್ಕಾರಕ್ಕೆ ತೆರಿಗೆ ಮುಟ್ಟುತ್ತಿತ್ತು. ಎಲ್ಲರ ಹೊಟ್ಟೆಯೂ ತುಂಬುತ್ತಿದ್ದಾಗ ಅಡುಗೆ ಮನೆಯ ಒಲೆ ಯಾರ ಪಾಲಿನದು ಎಂದು ಯಾರು ಕೇಳುತ್ತಾರೆ? ಒಲೆ ಆರಿದ ಮೇಲೆ ಅಣ್ಣತಮ್ಮಂದಿರು ಅಳತೆಯ ಹಗ್ಗ ಹಿಡಿದು ಬರುತ್ತಾರೆ.

ಇದಕ್ಕೆ ನಮ್ಮ ನಾಡಿನಲ್ಲಿರುವ ದೊಡ್ಡ ಉದಾಹರಣೆ ಕೋಲಾರದ ಚಿನ್ನದ ಗಣಿ. ನಾನು ಧಾರವಾಡದ ಕಡೆಯವನು. ಆ ಸೀಮೆಗೆ ನನಗೆ ನೆಂಟಸ್ತಿಕೆ ಇಲ್ಲ. ಆದರೂ ಎರಡು ಸಲ ಹೋಗಿ ನೋಡಿ ಬಂದಿದ್ದೇನೆ. ಬಂಗಾರಪೇಟೆಯಲ್ಲಿ ಇಳಿದು ಮಾರಿಕುಪ್ಪಂ ಕಡೆಯ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ದಿಬ್ಬಗಳು ಕಾಣಲು ತೊಡಗುತ್ತವೆ. ಮೊದಲ ಸಲ ನೋಡಿದಾಗ ಅವು ಗುಡ್ಡಗಳೆಂದೇ ತಿಳಿದಿದ್ದೆ. ಎದುರು ಕುಳಿತವರು ಅದು ಸೈನೈಡ್ ಮಣ್ಣೆಂದು ಹೇಳಿದರು. ಕಲ್ಲನ್ನು ಪುಡಿ ಮಾಡಿ, ಸೈನೈಡ್ ಕೂಡಿಸಿ ಚಿನ್ನ ತೆಗೆದ ಮೇಲೆ ಉಳಿದ ಹುಡಿ ಅದು. ನೂರಿಪ್ಪತ್ತು ವರ್ಷದ ಹುಡಿ ಒಟ್ಟಿ ಒಟ್ಟಿ ಬೆಟ್ಟವಾಗಿದೆ. ಗಾಳಿ ಎದ್ದರೆ ಊರ ಮೇಲೆಲ್ಲ ಹಾರುತ್ತದೆ.

ಈ ನೆಲದ ಕಾಗದಪತ್ರದ ಕಥೆ ಕೇಳಲು ಸ್ವಾರಸ್ಯವಾಗಿದೆ. 1802ರಲ್ಲಿ ಜಾನ್ ವಾರನ್ ಎಂಬ ಸರ್ವೆ ಅಧಿಕಾರಿ ಇಲ್ಲಿಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಬರೆದಿಟ್ಟ. 1870ರ ದಶಕದಲ್ಲಿ ಬೆಂಗಳೂರು ದಂಡಿನಲ್ಲಿದ್ದ ಲಾವೆಲ್ ಎಂಬ ಐರಿಶ್ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಅಪ್ಪಣೆ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬಂದಿತು. ಅಪ್ಪಣೆ ಕೊಟ್ಟ ಕಾಲದಲ್ಲಿ ಮೈಸೂರನ್ನು ಆಳುತ್ತಿದ್ದವರು ಮಹಾರಾಜರಲ್ಲ, ಬ್ರಿಟಿಷ್ ಕಮಿಷನರು. ರಾಜ್ಯ ಒಡೆಯರಿಗೆ ಮರಳಿದ್ದು 1881ರಲ್ಲಿ. ಗುತ್ತಿಗೆಗೆ ಕೊಟ್ಟವರ ಮನೆಯ ಯಜಮಾನಿಕೆಯೇ ಆಗ ಇನ್ನೊಬ್ಬರ ಕೈಯಲ್ಲಿತ್ತು ಎಂದಾಯಿತು. ಆದರೂ ತಕರಾರು ಬರಲಿಲ್ಲ. ಚಿನ್ನ ಬಂದಿತು. ಮೈಸೂರಿನ ಬೊಕ್ಕಸಕ್ಕೆ ರಾಜಧನ ಬಂದಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ವಿದ್ಯುತ್ತು ತಂದರು, ಬೆಂಗಳೂರಿಗೂ ದೀಪವಿಲ್ಲದ ಕಾಲದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ಮೈಸೂರು ರಾಜ್ಯ ಸರ್ಕಾರ ಗಣಿಗಳನ್ನು ತಾನೇ ವಹಿಸಿಕೊಂಡಿತು. 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಕೊಟ್ಟಿತು. 1972ರಲ್ಲಿ ಕೇಂದ್ರ ಅದನ್ನು ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಗಿ ಮಾಡಿತು. ಹದಿನಾರು ವರ್ಷದಲ್ಲಿ ಮೂರು ಕೈ. ಆಗ ಇದೆಲ್ಲ ಒಂದೇ ಮನೆಯೊಳಗೆ ಈ ಕಪಾಟಿನಿಂದ ಆ ಕಪಾಟಿಗೆ ಪಾತ್ರೆ ಇಟ್ಟಂತೆ ಕಂಡಿತು. ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಗೊಡವೆ ಯಾರಿಗೂ ಬೇಕಾಗಲಿಲ್ಲ.

ಆಮೇಲೆ ಹೊನ್ನು ಮುಗಿಯುತ್ತ ಬಂದಿತು. ಪೂರ್ತಿ ಮುಗಿಯಿತೆಂದಲ್ಲ. ಅದನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಕಲ್ಲೇ ಬಿಸಿ, ಗಾಳಿಯನ್ನು ತಂಪು ಮಾಡಿ ಕಳಿಸಬೇಕು, ನೀರನ್ನು ಹಗಲು ರಾತ್ರಿ ಮೇಲೆತ್ತಬೇಕು, ಮೇಲೆ ಬಂದ ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ. ಕಂಪನಿ ರೋಗಗ್ರಸ್ತವೆಂದು ಆ ಕಾಲದ ಕೈಗಾರಿಕಾ ಪುನಶ್ಚೇತನ ಮಂಡಳಿಯ ಮುಂದೆ ಹೋಯಿತು. ಕಾಯಿಲೆ ಬಿದ್ದ ಕಂಪನಿಗಳಿಗೆ ಅದೇ ಆಸ್ಪತ್ರೆ. ಅಲ್ಲಿಂದ ನಡೆದು ಹೊರಬಂದವರಿಗಿಂತ ಹೊತ್ತು ತಂದವರೇ ಹೆಚ್ಚು ಎಂದು ಜನ ಆಡಿಕೊಳ್ಳುತ್ತಿದ್ದರು. ಮಂಡಳಿ 2000ದಲ್ಲಿ ಮುಚ್ಚುವುದೇ ದಾರಿ ಎಂದಿತು. 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು.

ಆಗ ಎದ್ದದ್ದು ಮಣ್ಣಿನ ಪ್ರಶ್ನೆ. ಕಂಪನಿಯ ಹೆಸರಿನಲ್ಲಿದ್ದದ್ದು ಹನ್ನೆರಡು ಸಾವಿರ ಎಕರೆಗೂ ಮಿಕ್ಕ ನೆಲ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಅಷ್ಟು ನೆಲ ಒಂದೇ ಕಡೆ ಎಂದರೆ ಅದೂ ಒಂದು ಚಿನ್ನವೇ. ಗಣಿಗೆ ಬೇಡವಾದ ನೆಲವನ್ನು ಕೈಗಾರಿಕೆಗಾಗಿ ತನಗೆ ಮರಳಿಸಿ ಎಂದು ರಾಜ್ಯ ಕೇಳುತ್ತಾ ಬಂದಿದೆ. ಭೂಮಿಯಡಿ ಇನ್ನೂ ಖನಿಜವಿದೆ, ಮೊದಲು ಅದರ ಲೆಕ್ಕವಾಗಲಿ ಎಂಬುದು ಕೇಂದ್ರದ ಮಾತು. ಗಣಿಯನ್ನು ನಾವೇ ನಡೆಸುತ್ತೇವೆ ಎಂದು ಕಾರ್ಮಿಕರ ಸಂಘಗಳು ಕೇಳಿದ್ದವು. ಜಾಗತಿಕ ಟೆಂಡರು ಕರೆಯಬೇಕೆಂದು ಕೇಂದ್ರ ಸಂಪುಟ 2006ರಲ್ಲಿ ಮಾಡಿದ ನಿರ್ಧಾರವನ್ನು ಸುಪ್ರೀಂ ಕೋರ್ಟು 2013ರಲ್ಲಿ ಎತ್ತಿಹಿಡಿಯಿತು. ಟೆಂಡರಿನಿಂದ ಗಣಿ ಮತ್ತೆ ಬಾಯಿ ತೆರೆಯಲಿಲ್ಲ.

ಎರಡನೆಯ ಸಲ ಹೋದಾಗ ಒಂದು ಲೈನಿನಲ್ಲಿ ನಡೆಯುತ್ತಿದ್ದೆ. ಲೈನೆಂದರೆ ಕೂಲಿಗಳಿಗಾಗಿ ಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಅಲ್ಲಿಯವರ ಅಜ್ಜಂದಿರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದವರು, ಹೆಚ್ಚಿನವರು ದಲಿತರು. ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು ಮಾತಿಗೆಳೆದು, ಮನೆ ನಿಮ್ಮದೇ ಏನು ಎಂದೆ. “ಕಂಪನಿ ಮನೆ ಸಾರ್” ಎಂದರು. ಸ್ವರದಲ್ಲಿ ದೂರು ಇರಲಿಲ್ಲ. ಒಂದು ರೀತಿಯ ಗೌರವವೇ ಇತ್ತು. ಅವರ ತಂದೆ ಹುಟ್ಟಿದ್ದು ಅದೇ ಮನೆಯಲ್ಲಿ. ಗಣಿ ಮುಚ್ಚಿ ಬಹಳ ವರ್ಷಗಳಾಗಿದ್ದವು. ಆದರೆ ಆ ವಾಕ್ಯದಲ್ಲಿ ಕಂಪನಿ ಇನ್ನೂ ಬದುಕಿತ್ತು. ಬೆಳಗಿನ ರೈಲಿನಲ್ಲಿ ಅವರ ಮಗ ಬೆಂಗಳೂರಿಗೆ ದುಡಿಯಲು ಹೋಗಿದ್ದ. ಆ ಊರಿನ ಸಾವಿರಾರು ಜನ ದಿನವೂ ಹಾಗೆಯೇ ಹೋಗಿ ರಾತ್ರಿ ಮರಳುತ್ತಾರೆ. ದುಡಿಮೆ ಅಲ್ಲಿದ್ದರೂ ಮಲಗಲು ಇಲ್ಲಿಗೇ ಬರುತ್ತಾರೆ. ಹಾಗೆ ಬರುವುದಕ್ಕೆ ಆ ಮನೆಯಲ್ಲದೆ ಬೇರೆ ಕಾರಣ ನನಗೆ ತೋರಲಿಲ್ಲ.

ಕೋಲಾರದ ಮಾತು ಎಷ್ಟಾದರೂ ದೊಡ್ಡವರ ಜಗಳ, ಎರಡು ಸರ್ಕಾರಗಳ ನಡುವಿನದು. ಅದರ ಒಳಗುಟ್ಟು ನನಗೆ ತಿಳಿದದ್ದು ನಮ್ಮದೇ ಮನೆಯ ಒಂದು ಸಣ್ಣ ವ್ಯಾಜ್ಯದಿಂದ. ಆದ್ದರಿಂದ ಅದನ್ನೂ ಇಲ್ಲಿ ಹೇಳಬೇಕಾಗಿದೆ.

ನಮ್ಮ ಊರ ಹೊರಗೆ ಒಂದು ನೂಲಿನ ಗಿರಣಿ ಇತ್ತು. ಹೆಸರು ಬೇಡ. ಹತ್ತಿ ಬೆಳೆಯುವ ಸೀಮೆಯಲ್ಲಿ ಅಂಥವು ಬಹಳ ಇದ್ದವು, ಬಹಳಷ್ಟರ ಕಥೆಯೂ ಒಂದೇ. ಅದರ ಭೋಂಗಾ ದಿನಕ್ಕೆ ಮೂರು ಸಲ ಕೂಗುತ್ತಿತ್ತು. ನಮ್ಮ ಓಣಿಯಲ್ಲಿ ಗಡಿಯಾರ ಕೊಂಡವರು ಕಡಿಮೆ. ಗಿರಣಿಗೆ ಬೇಕಾದ ಹದಿನೆಂಟೂವರೆ ಎಕರೆಯಲ್ಲಿ ಹದಿನಾಲ್ಕು ಎಕರೆ ಚಿಲ್ಲರೆಯನ್ನು ಮಾಲಕರು ಖರೀದಿ ಮಾಡಿದರು. ನಮ್ಮ ಅಜ್ಜನ ನಾಲ್ಕು ಎಕರೆ ಹನ್ನೆರಡು ಗುಂಟೆ ಮಾತ್ರ ಖರೀದಿಗೆ ಸಿಗಲಿಲ್ಲ. “ಮಣ್ಣು ಮಾರೂದಿಲ್ಲ, ಬೇಕಾದರ ಲಾವಣಿ ಹಾಕಿಸಿಕೋರಿ” ಎಂದು ಅಜ್ಜ ಕುಳಿತ. 1961ರಲ್ಲಿ ಐವತ್ತು ವರ್ಷಕ್ಕೆ ಲಾವಣಿ ಪತ್ರವಾಯಿತು, ರಜಿಸ್ಟರೂ ಆಯಿತು, ಜಮೀನು ಬಿನಶೇತಕಿಯೂ ಆಯಿತು. ವರ್ಷಕ್ಕೊಮ್ಮೆ ಯುಗಾದಿಯ ಮೊದಲು ಗಿರಣಿಯ ಗುಮಾಸ್ತ ಬಾಡಿಗೆ ತಂದು ಕೊಟ್ಟು ಚಹಾ ಕುಡಿದು ಹೋಗುತ್ತಿದ್ದ. ರಸೀದಿಯ ಪ್ರತಿಗಳನ್ನು ಅಜ್ಜ ಟ್ರಂಕಿನಲ್ಲಿ ಇಡುತ್ತಿದ್ದ.

ಗಿರಣಿ 1996ರಲ್ಲಿ ನಿಂತಿತು. ಹೈಕೋರ್ಟಿನ ಆದೇಶವಾಗಿ ಲಿಕ್ವಿಡೇಟರು ಬೀಗ ಹಾಕಿದ್ದು 2001ರಲ್ಲಿ. 2004ರಲ್ಲಿ ಪತ್ರಿಕೆಯಲ್ಲಿ ಹರಾಜಿನ ನೋಟೀಸು ಬಂದಿತು. ಅಂಥ ನೋಟೀಸುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು. ಉಪನಿಷತ್ತಿನ ಮಾತಿನಂತೆ ಕೇಳುತ್ತದೆ. ಅದರ ಅರ್ಥ ಇಷ್ಟೇ, ಕೊಂಡವನು ಆಮೇಲೆ ನಮ್ಮನ್ನು ಕೇಳಬಾರದು. ಆ ‘ಏನಿದೆಯೋ ಅದು’ದರಲ್ಲಿ ನಮ್ಮ ನಾಲ್ಕು ಎಕರೆ ಹನ್ನೆರಡು ಗುಂಟೆಯೂ ಕೂಡಿತ್ತು.

ಕಾಕಾ ಓಡಿ ಹೋಗಿ ಉತಾರ ತೆಗೆಸಿದ. ಪಟ್ಟಣದವರು ಪಹಣಿ ಎನ್ನುವುದನ್ನೇ ನಮ್ಮಲ್ಲಿ ಉತಾರ ಎನ್ನುತ್ತೇವೆ. ಒಂದು ಕಾಗದದಲ್ಲಿ ಹೊಲದ ಜಾತಕವೆಲ್ಲ ಇರುತ್ತದೆ. ಒಂಬತ್ತನೆಯ ಕಾಲಮ್ಮಿನಲ್ಲಿ ಕಬಜೇದಾರರ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮತ್ತು ಬೆಳೆ. ನೋಡಿದರೆ ಎಪ್ಪತ್ತರ ದಶಕದಲ್ಲಿ ಯಾವಾಗಲೋ ಒಂಬತ್ತರಲ್ಲಿ ಅಜ್ಜನ ಹೆಸರು ಹೋಗಿ ಗಿರಣಿಯ ಹೆಸರು ಕೂತಿತ್ತು. ಹನ್ನೊಂದರಲ್ಲಿ ಬ್ಯಾಂಕಿನ ಬೋಜಾ ಏರಿತ್ತು. ಅಂದರೆ ನಮ್ಮ ಹೊಲವನ್ನು ಗಿರಣಿ ತನ್ನದೆಂದು ತೋರಿಸಿ ಸಾಲ ತೆಗೆದಿತ್ತು. ಬಾಡಿಗೆ ಮಾತ್ರ ಕೊನೆಯ ವರ್ಷದವರೆಗೂ ತಪ್ಪದೆ ಬಂದಿತ್ತು. ಒಂದು ಕೈಯಲ್ಲಿ ಬಾಡಿಗೆ ಕೊಡುತ್ತ ಇನ್ನೊಂದು ಕೈಯಲ್ಲಿ ಒತ್ತೆ ಇಟ್ಟ ಆ ಕೌಶಲವನ್ನು ನೆನೆದರೆ ಇಂದಿಗೂ ಸಿಟ್ಟಿನ ಜೊತೆಗೆ ಸ್ವಲ್ಪ ಮೆಚ್ಚುಗೆಯೂ ಬರುತ್ತದೆ.

ದಿವಾಳಿಯಾದ ಕಂಪನಿಯ ಮೇಲೆ ದಾವೆ ಹೂಡಬೇಕಾದರೆ ಮೊದಲು ಕೋರ್ಟಿನ ಅನುಮತಿ ಬೇಕು. ಸತ್ತವರನ್ನು ಬಯ್ಯಬಾರದೆಂಬ ನಮ್ಮ ಪದ್ಧತಿಯನ್ನೇ ಕಾನೂನಿನವರು ಹೀಗೆ ಬರೆದಿರಬೇಕು. ಮೊದಲ ಕೆಲವು ವರ್ಷ ಕಾಕಾ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದ. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದ ಮೇಲೆ ಓಡಾಟ ಹಗುರಾಯಿತು, ತಾರೀಖುಗಳು ಹಗುರಾಗಲಿಲ್ಲ. ಟ್ರಂಕಿನ ರಸೀದಿಗಳು ನಮ್ಮನ್ನು ಕಾಪಾಡಿದವು. 2013ರಲ್ಲಿ ಆದೇಶವಾಯಿತು: ಗಿರಣಿಗೆ ಇದ್ದದ್ದು ಲಾವಣಿಯ ಹಕ್ಕು ಮಾತ್ರ, ಅದರ ಅವಧಿಯೂ 2011ಕ್ಕೆ ಮುಗಿದಿದೆ, ಭೂಮಿಯನ್ನು ಹರಾಜಿನಿಂದ ಕೈಬಿಡಬೇಕು. ಕಾಕಾ ಅದನ್ನು ಓದಲಿಲ್ಲ. ಆತ ತೀರಿಕೊಂಡದ್ದು 2010ರಲ್ಲಿ.

ಉಳಿದ ಹದಿನಾಲ್ಕು ಎಕರೆ ಹರಾಜಾಗಿ ಈಗ ಬಡಾವಣೆಯಾಗಿದೆ. ಚಿಮಣಿ ಇದ್ದಲ್ಲಿ ಕಲ್ಯಾಣ ಮಂಟಪ ಬಂದಿದೆ. ಬಂದ ದುಡ್ಡಿನಲ್ಲಿ ಗಿರಣಿಯ ಕೆಲಸಗಾರರಿಗೂ ಒಂದಷ್ಟು ಸಿಕ್ಕಿತು. 1985ರ ತಿದ್ದುಪಡಿಯಿಂದ ಕಾರ್ಮಿಕರ ಬಾಕಿಗೆ ಒತ್ತೆ ಹಿಡಿದ ಬ್ಯಾಂಕಿನ ಸರಿಸಮನಾದ ಸ್ಥಾನ ದೊರೆತಿತ್ತು. 2016ರ ಹೊಸ ದಿವಾಳಿ ಸಂಹಿತೆಯಲ್ಲಿಯೂ ಆ ಸಾಲು ಉಳಿದಿದೆ, ಇಪ್ಪತ್ತನಾಲ್ಕು ತಿಂಗಳ ಬಾಕಿಗೆ ಮಾತ್ರ. ಅಷ್ಟಾದರೂ ಇದೆಯಲ್ಲ ಎನ್ನಬೇಕು. ಆದರೆ ಈ ಸಾಲು ಹಣಕ್ಕೆ ನಿಂತ ಸಾಲು. ಇರುವ ಜಾಗಕ್ಕೆ ನಿಲ್ಲುವವರಿಗೆ ಅದರಲ್ಲಿ ಎಡೆಯಿಲ್ಲ.

ಅದು ನಮಗೆ ಗೊತ್ತಾದದ್ದು ಭೂಮಿಯನ್ನು ವಶಕ್ಕೆ ಪಡೆಯಲು ಹೋದ ದಿನ. ಹೊಲದ ತುಂಬ ಬಳ್ಳಾರಿ ಜಾಲಿ ಎದ್ದಿತ್ತು. ಹಿಂದಿನ ಅಂಚಿನಲ್ಲಿ ಗಿರಣಿಯವರು ಕಾವಲುಗಾರರಿಗೂ ಬಾಯ್ಲರ್ ಮನೆಯವರಿಗೂ ಕಟ್ಟಿಸಿದ್ದ ಆರು ಮನೆಗಳಿದ್ದವು. ಅವುಗಳಲ್ಲಿ ಸಂಸಾರಗಳಿದ್ದವು. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ತುಳಸಿ, ಕರೆಂಟಿನ ಮೀಟರು ಸಹ. ಒಂದು ಮನೆಯಲ್ಲಿ ಬಾಣಂತಿ ಇದ್ದಳು. ನಮ್ಮ ಜೊತೆ ಬಂದಿದ್ದ ವಕೀಲರು, ಇವರನ್ನು ತೆರವು ಮಾಡಿಸುವುದು ಕಷ್ಟವಲ್ಲ, ಇವರ ಹತ್ತಿರ ಒಂದು ತುಂಡು ಕಾಗದವೂ ಇಲ್ಲ ಎಂದರು. ಅವರು ಹೇಳಿದ್ದು ನಿಜ. ಹದಿನೇಳು ವರ್ಷ ಬೀಗ ಹಾಕಿದ ಗಿರಣಿಯ ಹಿತ್ತಲನ್ನು ಕಾಯ್ದವರು ಇವರೇ. ಇವರಿಲ್ಲದಿದ್ದರೆ ನಮ್ಮ ಹೊಲ ಯಾವಾಗಲೋ ಯಾರದೋ ನಿವೇಶನವಾಗಿರುತ್ತಿತ್ತು. ಬ್ಯಾಂಕಿನ ಅರ್ಜಿಯಲ್ಲಿ, ಲಿಕ್ವಿಡೇಟರ ವರದಿಯಲ್ಲಿ, ನಮ್ಮ ವಕೀಲರ ಕಾಗದಗಳಲ್ಲಿ, ಎಲ್ಲಿಯೂ ಇವರ ಹೆಸರು ಬಂದಿರಲಿಲ್ಲ. ಒಂಬತ್ತನೆಯ ಕಾಲಮ್ಮಿನಲ್ಲಿ ಇವರಿಲ್ಲ, ಹನ್ನೊಂದರಲ್ಲಿಯೂ ಇಲ್ಲ, ಬೆಳೆ ಬೆಳೆಯದವರಾದ್ದರಿಂದ ಹನ್ನೆರಡರಲ್ಲಂತೂ ಇಲ್ಲ.

ಅಂದು ಸಂಜೆ ಮನೆಯಲ್ಲಿ ಎಲ್ಲರೂ ಕೂಡಿದಾಗ ಮಾತು ಜೋರಾಯಿತು. ತಮ್ಮಂದಿರಲ್ಲಿ ಒಬ್ಬ, ಹನ್ನೆರಡು ವರ್ಷ ನಾವು ಅಲೆದದ್ದು ಇವರನ್ನು ಇಟ್ಟುಕೊಳ್ಳಲಿಕ್ಕೇನು ಎಂದ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಬಾಗಿಲ ಬಳಿ ಕುಳಿತು ಕೇಳುತ್ತಿದ್ದಳು. ಕೊನೆಗೆ ಅಂದಳು: “ಭೂಮಿ ನಮ್ಮದು ಅಂತ ಕೋರ್ಟ ಹೇಳೇತಿ, ಖರೆ. ಅವರು ಎಲ್ಲಿಯವರು ಅಂತ ಹೇಳೇತೇನು?”

ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆರು ಮನೆಗಳ ಜಾಗವನ್ನು ಅವರ ಹೆಸರಿಗೆ ಬರೆದುಕೊಡುವುದೆಂದು ತೀರ್ಮಾನವಾಗಲು ಎರಡು ವರ್ಷ ಹಿಡಿಯಿತು. ಬರೆದುಕೊಡಲು ಹೋದರೆ ಕಚೇರಿಯಲ್ಲಿ ನಕ್ಷೆ ಎಲ್ಲಿ, ಬಡಾವಣೆಯ ಮಂಜೂರಾತಿ ಎಲ್ಲಿ, ಪಂಚಾಯತಿಯ ಇ-ಸ್ವತ್ತು ಎಲ್ಲಿ ಎಂದು ಕೇಳಿದರು. ಕಿತ್ತುಕೊಳ್ಳಲು ಕಾಗದ ಬೇಕಾಗಿರಲಿಲ್ಲ, ಕೊಡಲು ಬೇಕಾಯಿತು. ನಾಲ್ಕು ಮನೆಗಳ ಪತ್ರ ಆಗಿದೆ. ಎರಡು ಇನ್ನೂ ಆಗಬೇಕು.

ಇದರಿಂದ ನಾನು ಕಾನೂನನ್ನು ದೂರಲು ಹೊರಟಿಲ್ಲ. ಕಾನೂನು ಮಾಲಿಕ ಯಾರು ಎಂಬ ಪ್ರಶ್ನೆಗೂ ಉತ್ತರ ಹೇಳಬಲ್ಲದು, ಸಾಲ ಯಾರದು ಎಂಬುದಕ್ಕೂ ಹೇಳಬಲ್ಲದು. ಈ ಎರಡು ಎದುರು ಬದುರಾದಾಗ ಅದೂ ತಡವರಿಸುತ್ತದೆ. ಮುಂಬಯಿಯ ಎರಡು ಪ್ರಕರಣಗಳನ್ನು ನೋಡಿ. ಮರೋಳದಲ್ಲಿ ಮಹಾನಗರಪಾಲಿಕೆಯ ಜಾಗದಲ್ಲಿ ಒಂದು ಕಂಪನಿ ಆಸ್ಪತ್ರೆ ಕಟ್ಟಿ ದಿವಾಳಿಯಾಯಿತು. ಆಸ್ಪತ್ರೆಯನ್ನು ಹೊಸಬರಿಗೆ ವಹಿಸುವ ಯೋಜನೆ ಸಿದ್ಧವಾದಾಗ, ಪಾಲಿಕೆಯ ಒಪ್ಪಿಗೆಯಿಲ್ಲದೆ ಪಾಲಿಕೆಯ ಭೂಮಿಯ ಮೇಲೆ ಯಾವ ಹಕ್ಕನ್ನೂ ಹುಟ್ಟಿಸಲಾಗದು ಎಂದು ಸುಪ್ರೀಂ ಕೋರ್ಟು 2019ರ ನವೆಂಬರಿನಲ್ಲಿ ಹೇಳಿತು. ಅಲ್ಲಿ ಮಾಲಿಕನ ಮಾತು ನಡೆಯಿತು.

ಮೂರು ತಿಂಗಳು ಕಳೆದು, 2020ರ ಫೆಬ್ರವರಿಯಲ್ಲಿ, ಗೋರೆಗಾಂವದ ಸಿದ್ಧಾರ್ಥ ನಗರದ ಪ್ರಕರಣ ಬಂದಿತು. ಪತ್ರಾ ಚಾಳ ಎಂದು ಜನ ಕರೆಯುವ ಜಾಗ ಅದು. ನೆಲ ಮಹಾರಾಷ್ಟ್ರದ ಗೃಹ ಮಂಡಳಿ ಮ್ಹಾಡಾದ್ದು. ಬಾಡಿಗೆಯವರು 672 ಕುಟುಂಬ. ಹಳೆಯ ಮನೆ ಬಿಟ್ಟುಕೊಡಿ, ಹೊಸದು ಕಟ್ಟಿಕೊಡುತ್ತೇವೆ ಎಂದು 2008ರಲ್ಲಿ ಒಪ್ಪಂದವಾಗಿತ್ತು. ಕಟ್ಟಬೇಕಾದ ಕಂಪನಿ 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಸೇರಿತು. ಒಪ್ಪಂದ ಮುರಿದು ಜಾಗ ಹಿಂದಕ್ಕೆ ಪಡೆಯಲು ಮ್ಹಾಡಾ ಹೊರಟಾಗ ಸುಪ್ರೀಂ ಕೋರ್ಟು, ದಿವಾಳಿ ಪ್ರಕ್ರಿಯೆ ನಡೆಯುತ್ತಿರುವಷ್ಟು ಕಾಲ ಮಾಲಿಕನಾದರೂ ಕಂಪನಿಯ ಸ್ವಾಧೀನದಲ್ಲಿರುವ ಜಾಗವನ್ನು ಬಿಡಿಸಿಕೊಳ್ಳುವಂತಿಲ್ಲ ಎಂದಿತು. ಅಲ್ಲಿ ಸ್ವಾಧೀನದ ಮಾತು ನಡೆಯಿತು. ಎರಡು ತೀರ್ಪಿಗೂ ಅದರದರ ಕಾರಣವಿದೆ. ವಕೀಲರು ಅವುಗಳನ್ನು ಬೇರೆ ಮಾಡಿ ತೋರಿಸಬಲ್ಲರು. ಆದರೆ 672 ಕುಟುಂಬಗಳು ಆ ಹೊತ್ತಿಗೆ ಹನ್ನೆರಡು ವರ್ಷದಿಂದ ಊರಲ್ಲೆಲ್ಲ ಚದುರಿ ಬಾಡಿಗೆ ಮನೆಗಳಲ್ಲಿದ್ದವು. ಅವರು ಮಾಲಿಕರೂ ಅಲ್ಲ, ಸಾಲ ಕೊಟ್ಟವರೂ ಅಲ್ಲ. ನಿಂತ ಕೆಲಸ ಮತ್ತೆ ಶುರುವಾದದ್ದು 2022ರಲ್ಲಿ. ಆ ಮಧ್ಯೆ ತೀರಿಕೊಂಡ ಮುದುಕರೆಲ್ಲ ತಮ್ಮದಲ್ಲದ ಮನೆಯಲ್ಲಿ ತೀರಿಕೊಂಡರು.

ಚಾಳ, ಲೈನು, ನಮ್ಮ ಹೊಲದ ಅಂಚಿನ ಆರು ಮನೆ, ಮೂರೂ ಕಡೆ ನಡೆದದ್ದು ಒಂದೇ. ಕಂಪನಿಗೆ ಭೂಮಿ ಕೊಡುವಾಗ ನಾವು ಎಲ್ಲವನ್ನೂ ಬರೆಯುತ್ತೇವೆ. ಎಷ್ಟು ವರ್ಷ, ಎಷ್ಟು ಬಾಡಿಗೆ, ಎಷ್ಟು ಜನಕ್ಕೆ ಕೆಲಸ, ಎಲ್ಲ ಬರೆದಿರುತ್ತದೆ. ಕಂಪನಿ ಸತ್ತರೆ ಏನು ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬರೆದರೂ ಮಾಲಿಕನಿಗೆ ಏನು, ಬ್ಯಾಂಕಿಗೆ ಏನು ಎಂದು ಬರೆಯುತ್ತೇವೆ. ಆ ನೆಲದ ಮೇಲೆ ಅಷ್ಟರೊಳಗೆ ಹುಟ್ಟಿ ಬೆಳೆದವರಿಗೆ ಏನು ಎಂದು ಬರೆಯುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಸಾವಿನ ಮಾತು ಎತ್ತಿದರೆ ಹಿರಿಯರು ಬಿಡುವುದಿಲ್ಲ. ಅದೇ ಸಂಕೋಚ ಇಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಮನೆಯಲ್ಲಿ ಅಜ್ಜಂದಿರು ಸಾಯುವ ಮೊದಲು ಪಾಲುಪಟ್ಟಿ ಬರೆಸುತ್ತಾರೆ, ಮೃತ್ಯುಪತ್ರ ಮಾಡಿಸುತ್ತಾರೆ, ವಿಧವೆ ಮಗಳಿಗೆ ಹಿತ್ತಲ ಕೋಣೆ ಇರಲಿ ಎಂದು ಒಂದು ಸಾಲು ಸೇರಿಸುತ್ತಾರೆ. ಕಂಪನಿಗಳಿಗೆ ಅಂಥ ಅಜ್ಜ ಇರುವುದಿಲ್ಲ. ಆ ಸಾಲನ್ನು ಭೂಮಿ ಕೊಡುವವರು, ಸಾಲ ಕೊಡುವವರು, ಅಪ್ಪಣೆ ಕೊಡುವ ಸರ್ಕಾರ, ಇವರೇ ಬರೆಸಬೇಕು, ಕಂಪನಿ ಗಟ್ಟಿಯಾಗಿದ್ದಾಗಲೇ ಬರೆಸಬೇಕು. ಸತ್ತ ಮೇಲೆ ಬರೆಯುವುದು ಎಷ್ಟು ಕಷ್ಟ ಎಂಬುದನ್ನು ಆರರಲ್ಲಿ ನಾಲ್ಕು ಪತ್ರ ಮಾಡಿಸಿದ ನಾನು ಹೇಳಬಲ್ಲೆ.

ಈ ಮಾತಿಗೆ ಕೋಲಾರದಲ್ಲಿ ಈಗ ಹೊಸ ತುರ್ತು ಬಂದಿದೆ. ಆ ಹದಿಮೂರು ಸೈನೈಡ್ ದಿಬ್ಬಗಳಲ್ಲಿ, 1,003 ಎಕರೆಯ ಮೇಲೆ ಒಟ್ಟಿದ ಸುಮಾರು 3.3 ಕೋಟಿ ಟನ್ ಹುಡಿಯಲ್ಲಿ, ಇನ್ನೂ ಚಿನ್ನ ಉಳಿದಿದೆ. ಹಿಂದಿನವರಿಗೆ ಅದನ್ನು ತೆಗೆಯುವುದು ಆಗಲಿಲ್ಲ ಅಥವಾ ಗಿಟ್ಟಲಿಲ್ಲ. ಅದನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಬೇಡವೆನ್ನುವವರು ಆ ಊರಿನಲ್ಲಿ ಸಿಗಲಿಕ್ಕಿಲ್ಲ. ನಾಲ್ಕು ಜನರಿಗೆ ಊರಲ್ಲಿಯೇ ಕೆಲಸ ಸಿಕ್ಕರೆ, ಬೆಳಗಿನ ರೈಲಿನಲ್ಲಿ ನಾಲ್ಕು ಜನ ಕಡಿಮೆಯಾದರೆ, ಅದಕ್ಕಿಂತ ಒಳ್ಳೆಯದು ಯಾವುದಿದೆ? ನನ್ನ ಅಂಜಿಕೆ ಬೇರೆ. ಹೊನ್ನು ಮತ್ತೆ ಕಾಣಿಸಿದೊಡನೆ ಮಣ್ಣಿನ ಪ್ರಶ್ನೆಯನ್ನು ಎಲ್ಲರೂ ಮತ್ತೊಮ್ಮೆ ಕಪಾಟಿಗೆ ಸೇರಿಸಿಯಾರು. ಹೊಸ ಗುತ್ತಿಗೆ, ಹೊಸ ಕರಾರು ಎಂದು ಬರೆಯುವ ದಿನ ಹೇಗೂ ಬರುತ್ತದೆ. ಅಂದು ಲೈನುಗಳ ಮನೆಗಳದೊಂದು ಪಟ್ಟಿಯನ್ನೂ, ಅದರಲ್ಲಿ ಇರುವವರ ಹೆಸರನ್ನೂ ಅದೇ ಕಾಗದಕ್ಕೆ ಸೇರಿಸಿ ಸಹಿ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ದಿಬ್ಬ ಕರಗಿ ಹೋದ ಮೇಲೆ ಅದೇ ಕೆಲಸಕ್ಕೆ ಎಷ್ಟು ವರ್ಷ ಬೇಕಾದೀತು ಎಂದು ನಮ್ಮ ಚಿಗವ್ವನನ್ನು ಕೇಳಿದರೆ ಹೇಳುತ್ತಾಳೆ. ಉಳಿದ ಎರಡು ಮನೆಗಳ ಪತ್ರ ಏನಾಯಿತು ಎಂದು ಅವಳು ನನ್ನನ್ನು ವಾರಕ್ಕೊಮ್ಮೆ ಕೇಳುತ್ತಿರುತ್ತಾಳೆ.